ಪಾಪನ ಕಳ್ಳಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು ಅಂತ ಗಾದೆ ಕಟ್ಟಿದ ಹಿರಿಯರು ಪಾಪಸುಕಳ್ಳಿಯನ್ನು ಕಂಡಿದ್ದರೋ ಇಲ್ಲವೋ ಗೊತ್ತಿಲ್ಲ. ಕಂಡಿದ್ದರೆ ಗಾದೆ ಇನ್ನಷ್ಟು ಖಾರವಾಗಿರುತ್ತಿತ್ತು. ಎಲ್ಲಿಯದೋ ದೂರದೇಶದ ಗಿಡವಂತೆ. ಬೇಲಿಗೆ ಒಳ್ಳೆಯದು, ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ ಅಂತ ಯಾರೋ ತಂದು ನೆಟ್ಟರು. ಅದು ನೀರೂ ಕೇಳಲಿಲ್ಲ, ಗೊಬ್ಬರವೂ ಕೇಳಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗುಮ್ಮಳಾಪುರದಿಂದ ಆಚೆಗಿರುವ, ತಮಿಳು ಸೀಮೆಗೆ ಸೇರಿದ ಈ ಸಣ್ಣ ಊರಿನಲ್ಲಿ ಕನ್ನಡದವರು ಅದನ್ನು ಪಾಪಸುಕಳ್ಳಿ ಅನ್ನುತ್ತಾರೆ, ತಮಿಳಿನವರು ಸಪ್ಪಾತ್ತಿಕ್ಕಳ್ಳಿ ಅನ್ನುತ್ತಾರೆ, ತೆಲುಗಿನವರು ನಾಗಜೆಮುಡು ಅನ್ನುತ್ತಾರೆ. ಮೂರು ಭಾಷೆಯಲ್ಲೂ ಬೈಸಿಕೊಂಡು ಅದು ಸೊಂಪಾಗಿಯೇ ಬೆಳೆದಿದೆ.

ಊರಿನ ದನ ಮೇಯುವುದಕ್ಕೆ ಅಂತ ಬಿಟ್ಟ ಒಂಬತ್ತು ಎಕರೆ ಬೀಳು ಭೂಮಿಯಲ್ಲಿ ಈಗ ಆರು ಎಕರೆ ಕಳ್ಳಿಯದೇ. ಆಫೀಸಿನ ಕಾಗದದಲ್ಲಿ ಅದು ಮೇಯ್ಚಲ್ ಪೊರಂಬೋಕು, ಅಂದರೆ ಗೋಮಾಳ. ಮೇಯುವುದಕ್ಕೆ ಅಲ್ಲಿ ಏನಿದೆ ಅಂತ ಕಾಗದ ಬರೆದವರು ಬಂದು ನೋಡಲಿಲ್ಲ. ಬೀಳಿನ ನಡುವೆ ಆಳೆತ್ತರಕ್ಕೂ ಮಿಗಿಲಾಗಿ ಬೆಳೆದ ಒಂದು ಮೆಳೆಯಿದೆ. ಬುಡ ಮರದ ಕಾಂಡದ ಹಾಗೆ ಕಪ್ಪಾಗಿ, ಗಂಟುಗಂಟಾಗಿದೆ. ಮಿಕ್ಕ ಕಳ್ಳಿಯೆಲ್ಲ ಅದರ ಸಂತಾನ. ಊರವರು ಆ ಮೆಳೆಗೆ ಪಾಪನ ಕಳ್ಳಿ ಅನ್ನುತ್ತಾರೆ. ಪಾಪ ಅಂದರೆ ಕೂಸು. ಮಾಡಿದ ಕರ್ಮಕ್ಕೂ ಅದೇ ಮಾತು. ಯಾರು ಯಾವ ಅರ್ಥದಲ್ಲಿ ಅನ್ನುತ್ತಿದ್ದರು ಅನ್ನುವುದು ಅವರವರ ದನಕ್ಕೆ ಎಷ್ಟು ಮುಳ್ಳು ಚುಚ್ಚಿದೆ ಅನ್ನುವುದರ ಮೇಲೆ ನಿಂತಿತ್ತು.

ಅಕ್ಕಯಮ್ಮನಿಗೆ ಮಾತ್ರ ಅದರಲ್ಲಿ ಒಂದೇ ಅರ್ಥ. ಆ ಕಳ್ಳಿಯ ಬುಡದಲ್ಲಿ ಅವಳ ಮಗಳು ಗಂಗು ಇದ್ದಳು.

ಮೂವತ್ತಾರು ವರ್ಷದ ಹಿಂದಿನ ಮಾತು. ಗಂಗುವಿಗೆ ಎರಡೂವರೆ ವರ್ಷ, ದಡಾರ ಬಂದು ಆರು ದಿನಕ್ಕೆ ಹೋಗಿಬಿಟ್ಟಳು. ಈ ಕಡೆ ದೊಡ್ಡವರಿಗೆ ಸುಡುಗಾಡು ಬೇರೆ, ಹಾಲು ಹಲ್ಲು ಬೀಳುವುದಕ್ಕೆ ಮುಂಚೆ ಹೋದ ಮಕ್ಕಳನ್ನು ಬೀಳಿನಲ್ಲೇ ಮಣ್ಣು ಮಾಡುತ್ತಿದ್ದರು. ಕಲ್ಲು ನೆಡುವುದಿಲ್ಲ, ಗುರುತು ಇಡುವುದಿಲ್ಲ. ಮಣ್ಣು ಮಾಡುವಾಗ ಹೆಂಗಸರು ಅಲ್ಲಿಗೆ ಹೋಗುವ ಹಾಗಿಲ್ಲ. ಹೆತ್ತವಳಿಗಂತೂ ಗುಂಡಿ ಎಲ್ಲಿ ಅಂತ ಹೇಳುವಂತೆಯೇ ಇಲ್ಲ. ಹೇಳಿದರೆ ದಿನಾ ಅಲ್ಲಿಗೇ ಹೋಗಿ ಕೂರುತ್ತಾಳೆ, ಮನೆಯಲ್ಲಿ ಇರುವ ಮಕ್ಕಳನ್ನು ಯಾರು ನೋಡಬೇಕು ಅಂತ ಹಿರಿಯರ ಲೆಕ್ಕ. ಗಂಡಸರು ಇಬ್ಬರೋ ಮೂವರೋ ಹೋಗಿ, ಮಣ್ಣು ಮುಚ್ಚಿ, ನರಿ ಕೆದಕದಿರಲಿ ಅಂತ ಮೇಲೆ ಒಂದು ಹೊರೆ ಮುಳ್ಳು ಹಾಕಿ, ಹಿಂದಿರುಗಿ ನೋಡದೆ ಬರುತ್ತಿದ್ದರು. ಹಾಕುವ ಮುಳ್ಳು ಮಾತ್ರ ಒಣಗಿದ್ದೇ ಆಗಬೇಕು. ಒಣ ಮುಳ್ಳು ಎರಡು ಮಳೆಗೆ ಪುಡಿಯಾಗಿ ಮಣ್ಣು ಸೇರುತ್ತದೆ, ಅಷ್ಟರಲ್ಲಿ ನೆಲ ಗಟ್ಟಿಯಾಗುತ್ತದೆ, ಮನೆಯವರ ಮನಸ್ಸೂ ಅಷ್ಟಿಷ್ಟು ಗಟ್ಟಿಯಾಗುತ್ತದೆ. ಹಸಿ ಮುಳ್ಳು ಹಾಕಿದರೆ ದುಃಖ ಚಿಗುರುತ್ತದೆ ಅನ್ನುತ್ತಿದ್ದರು.

ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ಅಕ್ಕಯಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಗೋಡೆಯ ಆಚೆ ಅವಳ ಅತ್ತೆ ಯಾರ ಹತ್ತಿರವೋ ಹೇಳುತ್ತಿದ್ದದ್ದು ಕೇಳಿಸಿತು.

"ಬೀಳಲ್ಲಿ ಮಗೂ ಮೇಲೆ ಹಸಿ ಕಳ್ಳಿ ಹಾಕವ್ರೆ ಕಣಮ್ಮಿ, ಬುದ್ಧಿ ಇಲ್ದೋರು. ನೆನ್ನೆ ನೋಡ್ದೆ. ಚಿಗುರ್ಕೊಂಡು ನಿಂತೈತೆ."

ಅಕ್ಕಯಮ್ಮನ ಕೈಯಲ್ಲಿದ್ದ ತಪ್ಪಲೆ ಜಾರಿ ಬಿತ್ತು. ಅತ್ತೆ ತಟ್ಟನೆ ಮಾತು ನಿಲ್ಲಿಸಿದಳು. ಆ ರಾತ್ರಿ ಗಂಡ ರಾಮಾಂಜಿನಪ್ಪನನ್ನು, "ಬೀಳಲ್ಲಿ ಕಳ್ಳಿ ಚಿಗುರೈತಂತಲ್ಲ, ಹೌದಾ?" ಅಂತ ಕೇಳಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಮಗ್ಗುಲು ಬದಲಿಸಿದ. ಅಷ್ಟು ಸಾಕಾಯಿತು ಅವಳಿಗೆ.

ಮಾರನೆಯ ದಿನದಿಂದ ಅವಳು ಮೇಕೆ ಹೊಡೆದುಕೊಂಡು ಬೀಳಿಗೆ ಹೋದಳು. ನಾಲ್ಕೇ ನಾಲ್ಕು ಎಲೆಯ ಗಿಡ ಆಗ. ಒಂದೊಂದು ಎಲೆ ರೊಟ್ಟಿಯಷ್ಟು ಅಗಲ, ತುದಿಯಲ್ಲಿ ಎಳೆ ಹಸಿರು ಮೊಗ್ಗು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ, ಅಕ್ಕಯಮ್ಮನಿಗೆ ಮುಳ್ಳುಗಿಡ ಮುದ್ದಾಯಿತು. ಅದರ ಮುಂದೆ ಕೂತು ಅವಳು ಹೇಳದ ಮಾತಿಲ್ಲ. ಮಗ ಲಕ್ಷ್ಮೀಪತಿ ಹೊಟ್ಟೆಯಲ್ಲಿದ್ದಾನೆ ಅನ್ನುವುದನ್ನು ಗಂಡನಿಗಿಂತ ಮೊದಲು ಹೇಳಿದ್ದು ಅಲ್ಲಿ. ಅವನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಾದದ್ದು, ಮದುವೆಯಾದದ್ದು, ಸೊಸೆ ದಿವ್ಯ ಒಳ್ಳೆಯ ಹುಡುಗಿ ಆದರೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ ಅನ್ನುವುದು, ಎಲ್ಲ ಅಲ್ಲೇ. ನಾಲ್ಕು ವರ್ಷದ ಹಿಂದೆ ರಾಮಾಂಜಿನಪ್ಪ ತೀರಿಕೊಂಡಾಗ ಹನ್ನೊಂದನೆಯ ದಿನ ಕಳೆದ ಮೇಲೆ ಅಲ್ಲಿಗೆ ಹೋಗಿ, "ನಿಮ್ಮಪ್ಪನೂ ಬಂದ ಕಣವ್ವ ಆ ಕಡೆ, ನೋಡ್ಕೋ" ಅಂತ ಹೇಳಿ ಬಂದಿದ್ದಳು.

ಮಗಳು ದೊಡ್ಡವಳಾದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಕಳ್ಳಿಯೇನೋ ನಿಜವಾಗಿಯೂ ದೊಡ್ಡದಾಯಿತು. ಒಂದು ಎಲೆ ನೆಲಕ್ಕೆ ಬಿದ್ದರೆ ಒಂದು ಗಿಡ. ಒಮ್ಮೆ ಊರ ಹುಡುಗರು ರೋಷ ಬಂದು ಒಂದು ಪಕ್ಕ ಕಡಿದು ಕಡಿದು ಹಳ್ಳಕ್ಕೆ ಎಸೆದರು. ಆ ಮಳೆಗಾಲ ಕಳೆಯುವುದರೊಳಗೆ ಹಳ್ಳದ ಉದ್ದಕ್ಕೂ ಕಳ್ಳಿ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಕಥೆ. ಆಗ ನಡುವಿನ ಮೆಳೆಗೆ ಮಚ್ಚು ತಾಕದ ಹಾಗೆ ಅಡ್ಡ ನಿಂತವಳು ಅಕ್ಕಯಮ್ಮ. "ಅದನ್ನ ಮುಟ್ಟಿದ್ರೆ ನಿಮ್ಮನೆ ಮುಂದೆ ಬಂದು ಪ್ರಾಣ ಬುಡ್ತೀನಿ" ಅಂದಳು. ಹುಡುಗರು ಹಿಂದೆ ಸರಿದರು, ಪಾಪನ ಕಳ್ಳಿ ಅನ್ನುವ ಹೆಸರು ಅಂದಿನಿಂದ ನಿಂತಿತು.

ಇದಕ್ಕೆ ಅವಳು ಕೊಟ್ಟ ಬೆಲೆ ಮುನಿರತ್ನಮ್ಮ.

ಮುನಿರತ್ನಮ್ಮ ಪಕ್ಕದ ಮನೆಯವಳು. ಅವಳ ಗಂಡ ಮುನಿಶಾಮಪ್ಪ, ರಾಮಾಂಜಿನಪ್ಪನನ್ನು ಅಣ್ಣಾ ಅಂತ ಕರೆದು ಅವನ ನೆರಳಿನ ಹಾಗೆ ಬೆಳೆದವನು. ಗಂಗು ಹೋದ ವರ್ಷವೇ, ಮಳೆಗಾಲದಲ್ಲಿ, ಮುನಿರತ್ನಮ್ಮನ ಚೊಚ್ಚಲ ಗಂಡು ಕೂಸೂ ಹೋಯಿತು. ಹತ್ತೊಂಬತ್ತು ದಿನದ್ದು, ಹೆಸರು ಕೂಡ ಇಟ್ಟಿರಲಿಲ್ಲ. ಅವಳಿಗೆ ಬುದ್ಧಿ ಕದಡಿಹೋಗಿ ಎರಡು ಸಲ ಬಾವಿಯ ಕಟ್ಟೆ ಹತ್ತಿದಳು. ಎರಡು ಸಲವೂ ಸೆರಗು ಹಿಡಿದು ಎಳೆದು ತಂದವಳು ಅಕ್ಕಯಮ್ಮ. ಆಮೇಲೆ ಅವಳಿಗೆ ಎರಡು ಹೆಣ್ಣಾದವು, ಮನೆ ತುಂಬಿತು. ಇಬ್ಬರೂ ಒಂದೇ ಒರಳಲ್ಲಿ ರುಬ್ಬಿದವರು, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು.

ಒಂಬತ್ತು ವರ್ಷದ ಹಿಂದೆ, ಬೇಸಿಗೆಯಲ್ಲಿ, ಮುನಿರತ್ನಮ್ಮನ ಹಸು ಹಗ್ಗ ಕಿತ್ತುಕೊಂಡು ಬೀಳಿಗೆ ನುಗ್ಗಿ ಪಾಪನ ಕಳ್ಳಿಯ ಹಣ್ಣಿಗೆ ಬಾಯಿ ಹಾಕಿತು. ದೊಡ್ಡ ಮುಳ್ಳಾದರೆ ಕೀಳಬಹುದು. ಆ ಹಣ್ಣಿನ ಮೈಮೇಲೆ ಕಣ್ಣಿಗೆ ಕಾಣದ ನವಿರು ಮುಳ್ಳು, ಸಾವಿರಗಟ್ಟಲೆ. ನಾಲಗೆ ಊದಿ ಬಾಯಿ ತುಂಬಿಕೊಂಡಿತು. ಮೇವಿಲ್ಲ, ನೀರಿಲ್ಲ, ಹದಿಮೂರು ದಿನ ಒದ್ದಾಡಿ ಕೊಟ್ಟಿಗೆಯಲ್ಲೇ ಕಾಲು ಚಾಚಿತು. ಮುನಿರತ್ನಮ್ಮ ಕೆದರಿದ ಕೂದಲಲ್ಲೇ ಬೀಳಿಗೆ ಹೋಗಿ ಆ ಮೆಳೆಯ ಮುಂದೆ ನಿಂತು ಮಣ್ಣು ತೂರಿದಳು.

"ನಿನ್ನ ಬೇರು ಬೆಂದೋಗ. ನಿನ್ನ ಹುಟ್ಟು ಅಡಗ. ನಿನ್ನ ಬುಡದಾಗಿರೋದು ಏನೈತೋ ಅದೂ ಉರಿದೋಗ" ಅಂದಳು.

ಕೊನೆಯ ಮಾತು ಅಕ್ಕಯಮ್ಮನ ಕಿವಿಗೆ ಬಿತ್ತು. ಬಿದ್ದ ಮೇಲೆ ಇನ್ನೇನಿದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂಬತ್ತು ವರ್ಷ ಇಬ್ಬರ ನಡುವೆ ಒಂದು ಗೋಡೆ, ಆ ಗೋಡೆಯ ಮೇಲಿಂದ ಒಂದು ಹಿಡಿ ಉಪ್ಪು ಕೂಡ ದಾಟಲಿಲ್ಲ.

ಈ ವರ್ಷ ಪಂಚಾಯ್ತಿಯವರು ಬೀಳನ್ನು ಪೂರಾ ಶುದ್ಧ ಮಾಡಿ ಹುಲ್ಲು ಹಾಕುವುದು ಅಂತ ತೀರ್ಮಾನ ಮಾಡಿದರು. ಸರ್ಕಾರದ ನೂರು ದಿನದ ಕೂಲಿ ಕೆಲಸದಲ್ಲಿ ಊರಿನ ಇಪ್ಪತ್ತೆರಡು ಜನ ಇಳಿದರು. ಅಕ್ಕಯಮ್ಮನೂ ಇದ್ದಳು, ಮುನಿರತ್ನಮ್ಮನೂ ಇದ್ದಳು, ಒಬ್ಬಳು ಆ ತುದಿ, ಒಬ್ಬಳು ಈ ತುದಿ. ಮೇಲ್ವಿಚಾರಣೆಗೆ ಅವಲಪಲ್ಲಿಯಿಂದ ಬರುತ್ತಿದ್ದ ಶ್ಯಾಮಲಾ ಬಲು ಶಿಸ್ತಿನವಳು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋನಿನಲ್ಲಿ ಫೋಟೋ ಹಿಡಿದ ಮೇಲೆಯೇ ಕೆಲಸ. ಕಡಿದ ಎಲೆ ಒಂದೂ ನೆಲದಲ್ಲಿ ಉಳಿಯಬಾರದು, ಕವೆಗೋಲಲ್ಲಿ ಎತ್ತಿ ಆಳುದ್ದದ ಗುಂಡಿಗೆ ಹಾಕಬೇಕು, ಬೇರನ್ನು ಗಡಾರಿಯಲ್ಲಿ ಮೀಟಿ ತೆಗೆಯಬೇಕು. ಹದಿನೆಂಟು ದಿನದಲ್ಲಿ ಸುತ್ತಲಿನದೆಲ್ಲ ಹೋಗಿ ನಡುವಿನ ಮೆಳೆ ಒಂಟಿಯಾಗಿ ನಿಂತಿತು.

ಹತ್ತೊಂಬತ್ತನೆಯ ದಿನ ಅಕ್ಕಯಮ್ಮ ಹೋಗಿ ಅದರ ಮುಂದೆ ಕಾಲು ಮಡಿಚಿ ಕೂತುಬಿಟ್ಟಳು.

"ಪಾಟೀ, ಎದ್ದೇಳಿ. ಇದೇ ತಾಯಿಗಿಡ. ಇದೊಂದನ್ನ ಬಿಟ್ಟರೆ ಮಾಡಿದ ಕೆಲಸ ಎಲ್ಲಾ ವೇಸ್ಟು" ಅಂದಳು ಶ್ಯಾಮಲಾ, ಅವಳಿಗೆ ಅಜ್ಜಿಯರೆಲ್ಲ ಪಾಟಿ.

"ನನ್ನ ಮಗಳು ಇಲ್ಲಿ ಅವಳೆ ಕಣಮ್ಮ. ಒಂದು ಹತ್ತಡಿ ಜಾಗ ಬುಡಿ. ಗಿಡ ಬೇಕಾದ್ರೆ ಕಡೀರಿ, ಬುಡ ಕೀಳ್ಬೇಡಿ. ಗಡಾರಿ ಹಾಕ್ಬೇಡಿ."

ದೂರದಿಂದ ಮುನಿರತ್ನಮ್ಮನ ದನಿ ಕೇಳಿತು. ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ ಅವಳು ಅಂದಳು: "ಮಕ್ಕಳನ್ನ ಕಳ್ಕೊಂಡಿರೋರು ಇವಳೊಬ್ಬಳೇ ಅಲ್ಲ ಊರಾಗೆ."

ಶ್ಯಾಮಲಾ ಕೆಟ್ಟವಳಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಮಣ್ಣು ಮಾಡಿದವರು ಯಾರಾದರೂ ಬಂದು ಇಲ್ಲಿಯೇ ಅಂತ ಹೇಳಿದರೆ ಪಂಚಾಯ್ತಿ ತಲೈವರಿಗೆ ಹೇಳಿ ಹತ್ತಡಿ ಬಿಡಿಸುತ್ತೇನೆ, ಸುತ್ತ ಕಲ್ಲು ಕಟ್ಟಿಸೋಣ ಅಂದಳು. "ಯಾರಾದ್ರೂ ಇದ್ದಾರಾ ಪಾಟಿ?"

ರಾಮಾಂಜಿನಪ್ಪ ಇಲ್ಲ. ಉಳಿದವನು ಒಬ್ಬನೇ, ಮುನಿಶಾಮಪ್ಪ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಆ ದಿನ ಮಧ್ಯಾಹ್ನ, ಮುನಿರತ್ನಮ್ಮ ರೇಷನ್ ಅಂಗಡಿಗೆ ಹೋದದ್ದನ್ನು ನೋಡಿಕೊಂಡು, ಅಕ್ಕಯಮ್ಮ ಒಂಬತ್ತು ವರ್ಷದ ಮೇಲೆ ಆ ಮನೆಯ ಹೊಸಿಲ ಮುಂದೆ ನಿಂತಳು. ಮುನಿಶಾಮಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬಾ ಅತ್ಗೆ, ಕುಂತ್ಕೋ."

"ಕುಂತ್ಕೊಳ್ಳೋಕೆ ಬಂದಿಲ್ಲ ಮುನಿಶಾಮಿ. ನಾಳೆ ನೀನು ಬಂದು ಒಂದು ಮಾತು ಹೇಳ್ಬೇಕು. ಈ ಕಳ್ಳಿ ಬುಡದಾಗೆ ಅಕ್ಕಯಮ್ಮನ ಮಗಳು ಅವಳೆ, ನಾನೇ ಗುಂಡಿ ತೋಡಿದ್ದು ಅಂತ. ಅಷ್ಟು ಸಾಕು."

ಅವನು ಹಗ್ಗದ ಎಳೆಯನ್ನು ಬಿಡಿಸಿದ, ಮತ್ತೆ ಹೊಸೆದ.

"ಬ್ಯಾಡ ಅತ್ಗೆ. ಹೋಗ್ಲಿ ಬುಡು ಆ ಕಳ್ಳಿ."

"ಹಸ ಸತ್ತ ಸಿಟ್ಟು ನಿಂಗೂ ಐತಾ?"

"ಹಸೂನ ಮಾತಲ್ಲ."

"ಮತ್ತೇನು? ನಿಂಗೇನು ಗಂಟು ಹೋಗ್ತೈತೆ ಒಂದು ಮಾತು ಹೇಳಿದ್ರೆ? ಅದೇ ವರ್ಷ ನೀನೂ ಒಂದನ್ನ ಮಣ್ಣು ಮಾಡಿದೋನು. ನನ್ನ ಸಂಕಟ ನಿಂಗೆ ತಿಳೀದಾ? ಆ ನಿನ್ನ ಕೂಸಿನ ಆಣೆ ಐತೆ ನಿಂಗೆ, ಬಂದು ಹೇಳು."

ಮುನಿಶಾಮಪ್ಪನ ಕೈ ನಿಂತಿತು. ಎಪ್ಪತ್ತರ ಹತ್ತಿರದ ಗಂಡಸು, ಊರಿನಲ್ಲಿ ಯಾರೂ ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ.

"ಅದರ ಆಣೆ ಹಾಕ್ಬುಟ್ಯಲ್ಲ ಅತ್ಗೆ" ಅಂದ. "ಅಲ್ಲಿರೋದು ನಿನ್ನ ಗಂಗು ಅಲ್ಲ. ನಮ್ಮ ಕೂಸು."

ಅಕ್ಕಯಮ್ಮನಿಗೆ ಮೊದಲು ಮಾತು ತಿಳಿಯಲೇ ಇಲ್ಲ. ಮುದುಕನಿಗೆ ಅರಳುಮರಳು ಅಂದುಕೊಂಡಳು. ಅವನು ಹೇಳುತ್ತಾ ಹೋದ.

"ನಿನ್ನ ಗಂಗು ಹೋದಾಗ ಸಂಕ್ರಾಂತಿ ಕಳೆದು ಎಂಟು ದಿನ. ಒಣ ಜಾಲಿಮುಳ್ಳು ಬೇಕಾದಷ್ಟಿತ್ತು. ಅಣ್ಣ ಒಂದು ದೊಡ್ಡ ಹೊರೆ ತಂದು ಕೈಯಾರೆ ಹಾಕ್ದ. ನಮ್ದು ಆರಿದ್ರೆ ಮಳೇಲಿ. ಮೂರು ದಿನದಿಂದ ಬುಡದೆ ಹುಯ್ತಾ ಇತ್ತು. ಒಣ ಮುಳ್ಳು ಎಲ್ಲಿಂದ ತರ್ಲಿ? ರೇಷ್ಮೆ ತೋಟದ ಬೇಲೀಲಿ ಈ ಕಳ್ಳಿ ಇತ್ತು, ನಾಲ್ಕು ಎಲೆ ಕಡ್ಕೊಂಡು ಗೋಣಿಚೀಲದಾಗೆ ತಂದೆ. ಅಣ್ಣ ಬ್ಯಾಡ ಕಣ್ಲಾ, ಹಸೀದು ಹಾಕ್ಬಾರ್ದು ಕಣ್ಲಾ ಅಂದ. ಹಳ್ಳದಾಗೆ ನರಿ ಕೂಗ್ತಾ ಇತ್ತು ಅತ್ಗೆ. ನಂಗೆ ಅದೊಂದೇ ಕೇಳಿಸ್ತಾ ಇದ್ದಿದ್ದು. ಹಾಕ್ಬುಟ್ಟೆ."

"ಅವರು ನಂಗ್ಯಾಕೆ ಹೇಳ್ಲಿಲ್ಲ?"

"ನಾನೇ ಅಣ್ಣನ ಕಾಲು ಹಿಡ್ಕೊಂಡೆ. ನೀನು ಹೋಗಿ ಹೋಗಿ ಅಲ್ಲಿ ಕುಂತ್ಕೊಳ್ಳೋದು ನೋಡ್ದೆ. ನಿಂದಲ್ಲ ಅಂದ್ರೆ ಯಾರ್ದು ಅಂತ ಕೇಳ್ತೀಯ. ರತ್ನಂಗೆ ಗೊತ್ತಾಗ್ತೈತೆ. ಆಗ ಅವಳು ಹೆಂಗಿದ್ಲು ಅಂತ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಲ್ಪ ದಿನ ಕಳೀಲಿ ಅಂದ್ಕೊಂಡ್ವಿ. ಕಳೀತಾ ಕಳೀತಾ ಹಂಗೇ ಉಳ್ಕೊಂತು. ಆಮೇಲೆ ಹಸ ಸತ್ತು, ಅವಳು ಅಲ್ಲಿ ನಿಂತ್ಕೊಂಡು ಆ ಮಾತು ಅಂದ್ಲು. ಅವತ್ತಿಗೆ ಹೇಳೋ ಕಾಲ ಮುಗೀತು ಅತ್ಗೆ. ತನ್ನ ಬಾಯಾರೆ ಯಾರಿಗೆ ಶಾಪ ಹಾಕಿದ್ದು ಅಂತ ಅವಳಿಗೆ ನಾನು ಹೆಂಗೆ ಹೇಳ್ಲಿ?"

ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಅನ್ನುವ ಗಾದೆ ಇದೆ. ಮುನಿಶಾಮಪ್ಪನಿಗೆ ಆ ಸುಖವೂ ಇರಲಿಲ್ಲ. ಅವನಿಗೆ ಎರಡು ಕಡೆಯಲ್ಲೂ ಹೋಗುವುದು ಪ್ರಾಣವೇ ಆಗಿತ್ತು. ಅವನು ಮುಖ ಒರೆಸಿಕೊಂಡು, "ನಾನು ಹಾಕಿದ್ದು. ಊರ ದನಕ್ಕೆಲ್ಲ ಮುಳ್ಳಾಯ್ತು, ಹಳ್ಳಕ್ಕೆ ಮುಳ್ಳಾಯ್ತು, ನಿಮ್ಮಿಬ್ಬರ ಮಧ್ಯೆ ಮುಳ್ಳಾಯ್ತು. ನಾನು ಇರೋವಾಗಲೇ ಅದು ಹೋಗ್ಲಿ" ಅಂದ.

ಅಕ್ಕಯಮ್ಮ ಕೇಳಿದಳು. "ನನ್ನ ಗಂಗು ಎಲ್ಲಿ ಮತ್ತೆ?"

"ದೊಡ್ಡ ಬಂಡೆಯಿಂದ ಕೆಳಕ್ಕೆ ಎಲ್ಲೋ. ನಂಗೂ ಈಗ ಜಾಗ ತಿಳೀದು. ಮುಳ್ಳು ಎರಡು ಮಳೆಗೆ ಕರಗೋಯ್ತು, ಮೇಲೆ ಹುಲ್ಲು ಬಂತು. ನಿಂದು ಸರಿಯಾಗೇ ಮಾಡಿದ್ವಿ ಅತ್ಗೆ."

ಸರಿಯಾಗೇ ಮಾಡಿದರಂತೆ. ಅವಳು ಅಲ್ಲಿಂದ ಹೊರಡುವಾಗ ಎದುರಿಗೆ ಮುನಿರತ್ನಮ್ಮ ರೇಷನ್ ಚೀಲ ಹೊತ್ತು ಬರುತ್ತಿದ್ದಳು. ತನ್ನ ಮನೆಯಿಂದ ಹೊರಗೆ ಬರುತ್ತಿರುವವಳನ್ನು ಕಂಡು ಅವಳು ಮುಖ ಗಂಟು ಹಾಕಿ ಪಕ್ಕಕ್ಕೆ ಸರಿದಳು. ಅಕ್ಕಯಮ್ಮ ನಿಂತು ಅವಳನ್ನು ನೋಡಿದಳು. ಕೂದಲು ಪೂರಾ ಬೆಳ್ಳಗಾಗಿತ್ತು, ಒಂದು ಕಾಲು ಎಳೆದು ಹಾಕುತ್ತಿದ್ದಳು. ಒಂಬತ್ತು ವರ್ಷದಲ್ಲಿ ಇವಳು ಯಾವಾಗ ಇಷ್ಟು ಮುದುಕಿಯಾದಳು ಅಂತ ಅಕ್ಕಯಮ್ಮನಿಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಅವಳು ಊಟ ಮಾಡಲಿಲ್ಲ. ದಿವ್ಯ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದಳು. ಸರಿಯಿಲ್ಲದ್ದು ಹೊಟ್ಟೆಯೇ ಅನ್ನಿ, ಹೆತ್ತ ಹೊಟ್ಟೆ. ಮೊದಲು ಬಂದದ್ದು ಸಿಟ್ಟು. ಸತ್ತ ಗಂಡನ ಮೇಲೆ, ಬದುಕಿರುವ ಮುನಿಶಾಮಪ್ಪನ ಮೇಲೆ, ಗೋಡೆಯ ಆಚೆ ಅರ್ಧ ಮಾತಾಡಿ ನಿಲ್ಲಿಸಿದ ಅತ್ತೆಯ ಮೇಲೆ. ಮಗು ಅಂದಳೇ ಹೊರತು ಯಾರ ಮಗು ಅಂತ ಒಂದು ಮಾತು ಸೇರಿಸಿ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಮೂವತ್ತಾರು ವರ್ಷ ನಾನು ಇನ್ನೊಬ್ಬಳ ಕೂಸಿಗೆ ಕತೆ ಹೇಳಿದ್ದೆ, ನನ್ನದು ಬಂಡೆಯ ಕೆಳಗೆ ಯಾರೂ ಮಾತಾಡಿಸದೆ ಮಲಗಿತ್ತು. ಮೇಕೆಗಳನ್ನು ದಿನಾ ಅದರ ಮೇಲೆಯೇ ಹೊಡೆದುಕೊಂಡು ಹೋಗುತ್ತಿದ್ದೆ. ಇದನ್ನು ನೆನೆದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಗಂಗು ಇನ್ನೊಂದು ಸಲ ಸತ್ತಳು, ಈ ಸಲ ಗುರುತು ಕೂಡ ಬಿಡದೆ ಸತ್ತಳು.

ಬೆಳಗಾಗುವ ಹೊತ್ತಿಗೆ ಸಿಟ್ಟು ಇರಲಿಲ್ಲ. ಹೆಸರಿಲ್ಲದ ಆ ಹತ್ತೊಂಬತ್ತು ದಿನದ್ದು ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಅದಕ್ಕೆ ಮೊದಲ ನೀರು ಹಾಕಿದವಳು ಅವಳೇ. ಎಡಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ ಇತ್ತು.

ಬೀಳಿನಲ್ಲಿ ಶ್ಯಾಮಲಾ ಫೋಟೋ ಹಿಡಿದು ಮುಗಿಸಿದಳು. ಮುನಿಶಾಮಪ್ಪನೂ ಬಂದಿದ್ದ, ಕೆಲಸದ ಪಟ್ಟಿಯಲ್ಲಿ ಅವನಿರಲಿಲ್ಲ, ಆದರೂ ಗಡಾರಿ ಹಿಡಿದು ಒಂದು ಕಡೆ ನಿಂತಿದ್ದ. ಎಲ್ಲರೂ ಅಕ್ಕಯಮ್ಮನ ಮುಖ ನೋಡುತ್ತಿದ್ದರು, ಇನ್ನೇನು ಜಗಳ ಶುರುವಾಗುತ್ತದೆ ಅಂತ.

"ಸಾಕ್ಷಿ ಯಾರೂ ಇಲ್ಲ ಕಣಮ್ಮ. ಕಡೀರಿ. ಬುಡಾನೂ ಕಿತ್ತಾಕಿ" ಅಂದಳು ಅಕ್ಕಯಮ್ಮ. ಹೇಳುತ್ತಿದ್ದ ಹಾಗೆ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಒರೆಸಿಕೊಳ್ಳಲೂ ಇಲ್ಲ.

ಮಚ್ಚು ಹಿಡಿದು ಮೊದಲು ಮುಂದೆ ಬಂದವಳು ಮುನಿರತ್ನಮ್ಮ. ಒಂಬತ್ತು ವರ್ಷ ಕಾದಿದ್ದಳು, ಯಾರು ತಡೆಯುತ್ತಾರೆ? ಮೆಳೆಯ ಹತ್ತಿರ ಹೋಗಿ ಮಚ್ಚು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ತಿರುಗಿ ಅಕ್ಕಯಮ್ಮನನ್ನು ನೋಡಿದಳು. ಮತ್ತೆ ಕಳ್ಳಿಯನ್ನು ನೋಡಿದಳು. ಮಚ್ಚನ್ನು ನೆಲಕ್ಕೆ ಹಾಕಿದಳು.

"ಒಂದು ಗಳಿಗೆ ಇರಿ. ಯಾರೂ ಕೈ ಹಚ್ಬೇಡಿ" ಅಂತ ಹೇಳಿ ಕಾಲೆಳೆದುಕೊಂಡು ಊರ ಕಡೆ ಹೊರಟಳು.

ಬರುವಾಗ ಅವಳ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಮುತ್ತುಗದ ಎಲೆಯ ದೊನ್ನೆ. ಚೊಂಬಿನಲ್ಲಿ ಹಾಲು, ದೊನ್ನೆಯಲ್ಲಿ ಒಂದು ಚೂರು ತುಪ್ಪ. ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವುದು ಈ ಕಡೆಯ ರೂಢಿ. ದೊಡ್ಡವರಿಗೆ ಬಿಡುತ್ತಾರೆ. ಕೂಸುಗಳಿಗೆ ಯಾರೂ ಬಿಡುತ್ತಿರಲಿಲ್ಲ.

ಅವಳು ನೇರವಾಗಿ ಬಂದು ಅಕ್ಕಯಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ" ಅಂದಳು. "ಅವತ್ತು ಹಸ ಸತ್ತ ಸಂಕಟದಾಗೆ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಬುಡದಾಗಿರೋದೂ ಉರಿದೋಗ ಅಂದೆ. ಆಮೇಲೆ ಎಷ್ಟು ದಿನ ನಿದ್ದೆ ಬರ್ಲಿಲ್ಲ ನಂಗೆ. ಬಂದು ತಪ್ಪಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ. ಆ ಶಾಪ ಕೂಸಿಗೆ ತಟ್ಟಿರ್ತದಾ ಅಕ್ಕಾ?"

ಅಕ್ಕಯಮ್ಮ ತಲೆ ಎತ್ತಿ ಮುನಿಶಾಮಪ್ಪನನ್ನು ನೋಡಿದಳು. ಅವನು ಗಡಾರಿಯನ್ನು ಎರಡು ಕೈಯಲ್ಲೂ ಹಿಡಿದು ಅದರ ಮೇಲೆ ಹಣೆ ಇಟ್ಟು ನಿಂತಿದ್ದ. ಅವನ ಬೆನ್ನು ಏರಿ ಇಳಿಯುತ್ತಿತ್ತು.

"ಇಲ್ಲ ಕಣೆ" ಅಂದಳು ಅಕ್ಕಯಮ್ಮ. "ತಾಯಿ ಬಾಯಿಂದ ಬಂದಿದ್ದು ಯಾವ ಮಗೂಗೂ ತಟ್ಟಲ್ಲ."

ಮುನಿರತ್ನಮ್ಮ ಮೂಗು ಒರೆಸಿಕೊಂಡಳು. "ನಮ್ಮಿಬ್ಬರ ಕೂಸಿಗೂ ಅವತ್ತು ಯಾರೂ ಹಾಲುತುಪ್ಪ ಬುಡ್ಲಿಲ್ಲ. ನಂದು ಎಲ್ಲೈತೆ ಅಂತ ಈ ಮನುಷ್ಯ ಇವತ್ತಿಗೂ ಬಾಯಿ ಬುಟ್ಟಿಲ್ಲ. ನಾನೂ ಕೇಳೋದು ಬುಟ್ಬುಟ್ಟೆ. ನಿಂದಾದ್ರೂ ಗೊತ್ತೈತಲ್ಲ. ಗಡಾರಿ ಹಾಕೋಕೆ ಮುಂಚೆ ಬುಟ್ಬುಡಾಣ. ಏಳು."

ಅವಳೇ ಅಕ್ಕಯಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಮೆಳೆಯ ಹತ್ತಿರ ಹೋದರು. ಬಗ್ಗುವುದಕ್ಕೆ ಜಾಗವಿರಲಿಲ್ಲ, ಮುಳ್ಳು ಸೀರೆಗೆ ಹಿಡಿಯುತ್ತಿತ್ತು. ಅಕ್ಕಯಮ್ಮ ಒಂದು ಎಲೆಯನ್ನು ಬರಿಗೈಯಲ್ಲೇ ಪಕ್ಕಕ್ಕೆ ಸರಿಸಿ ದಾರಿ ಮಾಡಿದಳು. ಅಂಗೈ ತುಂಬ ನವಿರು ಮುಳ್ಳು ಹೊಕ್ಕವು. ದೊನ್ನೆಯನ್ನು ಅವಳು ತೆಗೆದುಕೊಂಡಳು, ಚೊಂಬನ್ನು ಮುಟ್ಟಲಿಲ್ಲ.

"ನೀನೇ ಬುಡಕ್ಕ, ನಿನ್ನ ಮಗಳಿಗೆ."

"ನನ್ನ ಅಂಗೈ ತುಂಬ ಮುಳ್ಳು ಹೊಕ್ಕೈತೆ. ನೀನು ಬುಡು."

ಮುನಿರತ್ನಮ್ಮ ಮೊಣಕಾಲೂರಿ, ಚೊಂಬನ್ನು ಬಗ್ಗಿಸಿ, ಕರೆಯುವುದಕ್ಕೆ ಬಾಯಿ ತೆರೆದಳು. ಎತ್ತಿ ಆಡಿಸಿದ ಮಗುವಿನ ಹೆಸರು ಅವಳಿಗೆ ಮರೆತಿರಲಿಲ್ಲ. "ಗಂ..." ಅನ್ನುವಷ್ಟರಲ್ಲಿ ಅಕ್ಕಯಮ್ಮ ಅವಳ ಮುಂಗೈ ಹಿಡಿದುಕೊಂಡಳು.

"ಹೆಸರು ಬ್ಯಾಡ ಕಣೆ ರತ್ನಾ. ಮಗಾ ಅನ್ನು. ಬರೀ ಮಗಾ ಅನ್ನು, ಸಾಕು."

ಮುನಿರತ್ನಮ್ಮ ಯಾಕೆ ಅಂತ ಕೇಳಲಿಲ್ಲ. ಹೆತ್ತವಳು ಹೇಳುತ್ತಿದ್ದಾಳೆ, ಅವಳ ಇಷ್ಟ ಅಂದುಕೊಂಡಳು. ಕಪ್ಪು ಬುಡದ ಹತ್ತಿರ ತಲೆ ಬಗ್ಗಿಸಿ, ಮಲಗಿದ ಕೂಸನ್ನು ಎಬ್ಬಿಸುವ ಹಾಗೆ ಮೆಲ್ಲನೆ ಅಂದಳು.

"ಮಗಾ. ತಕೋ ಮಗಾ, ಕುಡಿ."

ಹಾಲು ಪೂರಾ ಇಳಿದು ಮಣ್ಣು ಕುಡಿಯುವವರೆಗೂ ಅಕ್ಕಯಮ್ಮ ಅವಳ ಕೈ ಬಿಡಲಿಲ್ಲ.